ಅರ್ಧ ಪ್ರೀಮಿಯಂ, ಎರಡು ಹೆಸರು

ಜುಲೈ ತಿಂಗಳ ಮೆಲ್ಬರ್ನ್‌ನಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲಾಗಿಬಿಡುತ್ತದೆ. 2025ರ ಜುಲೈನ ಅಂಥದೊಂದು ಶನಿವಾರ, ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆ ಇರುವ ದಾವಣಗೆರೆ ಕಡೆಯ ಹುಡುಗಿ ಲ್ಯಾಪ್‌ಟಾಪನ್ನು ಶಾಲಿನೊಳಗೆ ಅವಚಿಕೊಂಡು ಬಂದಳು. ಟ್ಯಾಕ್ಸ್ ರಿಟರ್ನ್ ತುಂಬುವುದಕ್ಕೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರಂತೆ. ಖಾಸಗಿ ಆರೋಗ್ಯ ವಿಮೆಯ ಪುಟಕ್ಕೆ ಬಂದಾಗ ಲೆಕ್ಕ ನಿಂತುಹೋಗಿತ್ತು. "ಅಕ್ಕ, ಬ್ಯಾಂಕಿನಿಂದ ಹೋಗಿರೋದು ಸಾವಿರದ ಏಳುನೂರ ಅರವತ್ತೇಳು ಡಾಲರ್. ವಿಮೆಯವರು ಕೊಟ್ಟ ಸ್ಟೇಟ್‌ಮೆಂಟಿನಲ್ಲಿ ಸಾವಿರದ ನೂರ ಎಪ್ಪತ್ತು ಅಂತಿದೆ. ಪೂರ್ತಿಯೂ ಅಲ್ಲ, ಅರ್ಧವೂ ಅಲ್ಲ. ಇವರು ಏನು ಲೆಕ್ಕ ಹಾಕಿದ್ದಾರೆ?" ಎಂದಳು.

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಈ ಕಾಗದವನ್ನು ರಶೀದಿ ಎಂದುಕೊಂಡು ಓದಿದವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ, ನನಗೂ ಬಂದಿತ್ತು. ರಶೀದಿ ಹೇಳುವುದು ಯಾರು ಎಷ್ಟು ಕಟ್ಟಿದರು ಎಂಬುದನ್ನು. ಆಸ್ಟ್ರೇಲಿಯಾದ ಈ ಸ್ಟೇಟ್‌ಮೆಂಟು ಅದನ್ನು ಹೇಳುವುದೇ ಇಲ್ಲ. ವಿಮೆಯ ನೆರಳಿನಲ್ಲಿ ಯಾರು ಯಾರಿದ್ದರು, ಅವರಲ್ಲಿ ಈ ಒಬ್ಬರ ಪಾಲು ಎಷ್ಟು, ಸರ್ಕಾರ ಆ ಪಾಲಿಗೆ ಈಗಾಗಲೇ ಎಷ್ಟು ಕೊಟ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಈ ವ್ಯತ್ಯಾಸ ಮನಸ್ಸಿಗೆ ಹತ್ತುವುದಕ್ಕೆ ನನಗೆ ಹಲವು ವರ್ಷ ಬೇಕಾದವು. ಅದಕ್ಕೆ ಕಾರಣ ನಾನು ಬೆಳೆದ ಲೆಕ್ಕ ಬೇರೆಯಾಗಿದ್ದದ್ದು.

ತಿಪಟೂರಿನ ನಮ್ಮ ಮನೆಯಲ್ಲಿ ಅಪ್ಪನ ತೆರಿಗೆಯ ಕಾಗದಗಳಿಗೆಂದೇ ದಾರ ಕಟ್ಟಿದ ಒಂದು ಫೈಲಿತ್ತು. ಅವರು ಮೇಷ್ಟರು. ಪ್ರತಿ ವರ್ಷ ಮಾರ್ಚ್ ಹತ್ತಿರ ಬಂದಾಗ ವಿಮೆಯ ಪ್ರೀಮಿಯಂ ಕಟ್ಟಿದ ಪ್ರಮಾಣಪತ್ರವನ್ನು ಆ ಫೈಲಿಗೆ ಸೇರಿಸುತ್ತಿದ್ದರು, ಅದರ ಮೇಲೆ ಪೆನ್ಸಿಲಿನಲ್ಲಿ 80ಡಿ ಎಂದು ಬರೆದಿಡುತ್ತಿದ್ದರು. ಭಾರತದ ಆದಾಯ ತೆರಿಗೆಯ ಆ ಸೆಕ್ಷನ್‌ನಲ್ಲಿ ಮುಖ್ಯವಾದ ಪ್ರಶ್ನೆ ಒಂದೇ: ಹಣ ಕಟ್ಟಿದವರು ಯಾರು? ಹಳೆಯ ತೆರಿಗೆ ಪದ್ಧತಿಯನ್ನು ಉಳಿಸಿಕೊಂಡವರು ತಮಗೆ, ಹೆಂಡತಿ ಮಕ್ಕಳಿಗೆ ಕಟ್ಟಿದ ಪ್ರೀಮಿಯಂನಲ್ಲಿ 25,000 ರೂಪಾಯಿಯವರೆಗೆ, ಹಿರಿಯ ನಾಗರಿಕರಾದ ತಂದೆತಾಯಿಗೆ ಕಟ್ಟಿದ್ದರಲ್ಲಿ 50,000 ರೂಪಾಯಿಯವರೆಗೆ ಆದಾಯದಿಂದ ಕಳೆಯಬಹುದು. ನಗದಾಗಿ ಕಟ್ಟಿದ ಪ್ರೀಮಿಯಂಗೆ ಈ ಸೌಲಭ್ಯ ಸಿಗದು. ಪಾಲಿಸಿಯಲ್ಲಿ ಅಮ್ಮನ ಹೆಸರೂ ಇತ್ತು, ನನ್ನದೂ ತಮ್ಮನದೂ ಇತ್ತು. ಆದರೆ ತೆರಿಗೆಯ ಕಣ್ಣಿಗೆ ಕಾಣುತ್ತಿದ್ದದ್ದು ಚೆಕ್ಕಿಗೆ ಸಹಿ ಹಾಕಿದ ಅಪ್ಪ ಒಬ್ಬರೇ.

ಆಸ್ಟ್ರೇಲಿಯಾದಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಇಲ್ಲಿ ಪ್ರೀಮಿಯಂ ಆದಾಯದಿಂದ ಕಳೆಯುವ ಬಾಬತ್ತಲ್ಲ. ಪ್ರೀಮಿಯಂನ ಒಂದು ಭಾಗವನ್ನು ಸರ್ಕಾರವೇ ರಿಬೇಟ್ ರೂಪದಲ್ಲಿ ಭರಿಸುತ್ತದೆ, ಮತ್ತು ಹೆಚ್ಚಿನವರು ಅದನ್ನು ಪ್ರತಿ ತಿಂಗಳ ಕಂತಿನಲ್ಲೇ ಕಡಿತವಾಗಿ ಮುಂಗಡ ಪಡೆದಿರುತ್ತಾರೆ. ಒಂದು ಪಾಲಿಸಿಯಲ್ಲಿ ಇಬ್ಬರು ವಯಸ್ಕರಿದ್ದರೆ, ಕಂತು ಯಾರ ಖಾತೆಯಿಂದ ಹೋದರೂ ಪ್ರೀಮಿಯಂ ಇಬ್ಬರಿಗೂ ಸಮವಾಗಿ ಹಂಚಿಕೆಯಾಗುತ್ತದೆ. ಅವಲಂಬಿತ ಮಕ್ಕಳನ್ನು ಈ ಹಂಚಿಕೆಯಲ್ಲಿ ಎಣಿಸುವುದಿಲ್ಲ. ಆದ್ದರಿಂದ ಗಂಡನ ಹೆಸರಿನಲ್ಲಿ ಬರುವ ಲೆಕ್ಕ ಗಂಡನ ಪಾಲಿನದು ಮಾತ್ರ. ಹೆಂಡತಿಯ ಪಾಲು ಅವಳ ಹೆಸರಿನಲ್ಲೇ ಪ್ರತ್ಯೇಕವಾಗಿ ಇರುತ್ತದೆ.

ಹುಡುಗಿಯ ಲೆಕ್ಕವನ್ನು ಬಿಡಿಸುವುದಕ್ಕೆ ಇಬ್ಬರೂ ಅಡುಗೆಮನೆಯ ಮೇಜಿನ ಮುಂದೆ ಕುಳಿತೆವು. ಪರದೆಯ ಮೇಲೆ ಗಂಡನ ಹೆಸರಿನಲ್ಲಿ ಎರಡು ಸಾಲುಗಳಿದ್ದವು. ಮೊದಲ ಸಾಲಿನಲ್ಲಿ ಜೆ ಎಂಬ ಲೇಬಲ್ಲಿನ ಕೆಳಗೆ 660, ಕೆ ಲೇಬಲ್ಲಿನ ಕೆಳಗೆ 162, ಎಲ್ ಲೇಬಲ್ಲಿನ ಕೆಳಗೆ 30. ಎರಡನೆಯ ಸಾಲಿನಲ್ಲಿ ಅದೇ ಕ್ರಮದಲ್ಲಿ 510, 124, 31. ಜೆ ಎಂದರೆ ರಿಬೇಟಿಗೆ ಅರ್ಹವಾದ ಪ್ರೀಮಿಯಂನಲ್ಲಿ ಈ ವ್ಯಕ್ತಿಯ ಪಾಲು. ಕೆ ಎಂದರೆ ಆ ಪಾಲಿನ ಮೇಲೆ ಈಗಾಗಲೇ ಸಿಕ್ಕಿರುವ ರಿಬೇಟ್. ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿಯಿದೆ: ಜೆ ಎಂಬುದು ಕೈಯಿಂದ ಕಟ್ಟಿದ ಹಣವಲ್ಲ, ರಿಬೇಟನ್ನು ಕಳೆಯುವುದಕ್ಕೆ ಮೊದಲಿನ ಪೂರ್ತಿ ಬೆಲೆ. ಬ್ಯಾಂಕಿನಿಂದ ಹೋದ 1,767ರಲ್ಲಿ ಗಂಡನ ಅರ್ಧ ಸುಮಾರು 884. ಅದಕ್ಕೆ ಸರ್ಕಾರ ಅವನ ಪರವಾಗಿ ಕೊಟ್ಟ 162 ಮತ್ತು 124 ಸೇರಿಸಿದರೆ 1,170. ಜೆ ಲೇಬಲ್ಲಿನ 660 ಮತ್ತು 510 ಕೂಡಿಸಿದರೂ 1,170. ನಾನು ಹಾಳೆಯ ಮೇಲೆ ಬರೆದು ತೋರಿಸಿದೆ, ಅವಳು ಮತ್ತೊಮ್ಮೆ ತಾನೇ ಕೂಡಿ ನೋಡಿದಳು.

"ಹಾಗಾದರೆ ಎರಡು ಸಾಲು ಯಾಕೆ ಅಕ್ಕ, ಪಾಲಿಸಿ ಒಂದೇ ಅಲ್ವಾ?"

ಪಾಲಿಸಿ ಒಂದೇ, ಆದರೆ ವರ್ಷ ಎರಡು ತುಂಡಾಗಿದೆ. ಇಲ್ಲಿನ ಆರ್ಥಿಕ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ರಿಬೇಟಿನ ದರವೋ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಇದರ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಎಲ್ಲರಿಗೂ ಸಲ್ಲುವ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಾದ ಮೆಡಿಕೇರ್ 1984ರಲ್ಲಿ ಆರಂಭವಾದ ಮೇಲೆ ಖಾಸಗಿ ವಿಮೆ ಇಟ್ಟುಕೊಳ್ಳುವವರು ಕಡಿಮೆಯಾಗುತ್ತ ಹೋದರು. ಅವರನ್ನು ಮರಳಿ ಕರೆತರಲು 1997ರ ಜುಲೈನಲ್ಲಿ ಹೆಚ್ಚು ಆದಾಯವಿದ್ದೂ ಆಸ್ಪತ್ರೆ ವಿಮೆ ಇಲ್ಲದವರ ಮೇಲೆ ಮೆಡಿಕೇರ್ ಲೆವಿ ಸರ್‌ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ ಬಂತು. 1999ರ ಜನವರಿಯಿಂದ ಪ್ರೀಮಿಯಂನ ಶೇ. 30ರಷ್ಟು ರಿಬೇಟ್ ಬಂತು. 2000ದ ಜುಲೈನಲ್ಲಿ, 30 ವರ್ಷ ದಾಟಿದ ಮೇಲೆ ತಡವಾಗಿ ವಿಮೆ ಕೊಳ್ಳುವವರಿಗೆ ವರ್ಷಕ್ಕೆ ಶೇ. 2ರಂತೆ ಹೆಚ್ಚುವರಿ ಹೊರೆ ಹಾಕುವ ನಿಯಮ ಬಂತು. ಈ ಹೆಚ್ಚುವರಿಗೆ ಈಗ ರಿಬೇಟ್ ಇಲ್ಲವಾದ್ದರಿಂದ ಅದು ಜೆ ಲೇಬಲ್ಲಿನೊಳಗೆ ಬರುವುದಿಲ್ಲ, ಹೊರೆ ಹೊತ್ತವರ ಲೆಕ್ಕ ಬ್ಯಾಂಕಿನ ಲೆಕ್ಕದೊಂದಿಗೆ ತಾಳೆಯಾಗದಿರುವುದಕ್ಕೆ ಅದೂ ಒಂದು ಕಾರಣ. 2012ರ ಜುಲೈನಿಂದ ರಿಬೇಟನ್ನು ಆದಾಯಕ್ಕೆ ಕಟ್ಟಿಹಾಕಿದರು, ಆದಾಯ ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ರಿಬೇಟ್ ಇಳಿಯುತ್ತದೆ. 2014ರ ಏಪ್ರಿಲಿನಿಂದ ಅದರ ದರವನ್ನು ವರ್ಷಕ್ಕೊಮ್ಮೆ ಒಂದು ಗುಣಕದಿಂದ ಹೊಂದಿಸತೊಡಗಿದರು. ಪ್ರೀಮಿಯಂ ಏರುವ ವೇಗಕ್ಕೂ ಸಾಮಾನ್ಯ ಬೆಲೆ ಏರುವ ವೇಗಕ್ಕೂ ಇರುವ ಅಂತರ ಆ ಗುಣಕದಲ್ಲಿ ಸೇರುತ್ತದೆ. ಪ್ರೀಮಿಯಂ ಬೆಲೆಗಳಿಗಿಂತ ಬೇಗ ಏರಿದಷ್ಟೂ ಸರ್ಕಾರದ ಪಾಲು ಸವೆಯುತ್ತದೆ. ಹೀಗೆ ಸವೆದು ಸವೆದು, 65 ವರ್ಷದೊಳಗಿನ, ಆದಾಯದ ಅತಿ ಕೆಳಗಿನ, ಅಂದರೆ ಮೊದಲ ಮೆಟ್ಟಿಲಿನಲ್ಲಿರುವವರ ದರ 2025ರ ಮಾರ್ಚ್ 31ರವರೆಗೆ ಶೇ. 24.608 ಇದ್ದದ್ದು ಏಪ್ರಿಲ್ 1ರಿಂದ ಶೇ. 24.288ಕ್ಕೆ ಇಳಿಯಿತು. ಮೂವತ್ತರಿಂದ ಶುರುವಾದದ್ದು ಈಗ ಕಾಲು ಪಾಲಿಗಿಂತಲೂ ಕಡಿಮೆ.

ಎಲ್ ಲೇಬಲ್ಲಿನ 30 ಮತ್ತು 31 ಈ ಎರಡು ತುಂಡುಗಳ ಗುರುತು: ಮೊದಲನೆಯದು ಮಾರ್ಚ್ ಕೊನೆಯವರೆಗೆ ಕಟ್ಟಿದ್ದಕ್ಕೆ, ಎರಡನೆಯದು ಏಪ್ರಿಲ್‌ನಿಂದ ಜೂನ್‌ವರೆಗೆ ಕಟ್ಟಿದ್ದಕ್ಕೆ. ಪಾಲಿಸಿಯಲ್ಲಿ 65ರಿಂದ 69 ವಯಸ್ಸಿನ ಹಿರಿಯರಿದ್ದರೆ ಅದು 35 ಮತ್ತು 36 ಆಗುತ್ತದೆ, 70 ದಾಟಿದವರಿದ್ದರೆ 40 ಮತ್ತು 41. ಅವರ ದರ ಹೆಚ್ಚು. ಇಲ್ಲಿ ಮುಖ್ಯವಾಗುವುದು ಹಣ ಕಟ್ಟಿದ ದಿನಾಂಕ ಎಂಬುದನ್ನು ಗಮನಿಸಬೇಕು. ಏಪ್ರಿಲ್‌ನಲ್ಲಿ ಪ್ರೀಮಿಯಂ ಏರುತ್ತದೆಂದು ಮಾರ್ಚ್‌ನಲ್ಲೇ ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟುವ ಮನೆಗಳು ನಮ್ಮ ಪರಿಚಯದಲ್ಲೇ ಹಲವಿವೆ. ಅವರ ಜೆ ಲೇಬಲ್ಲಿನಲ್ಲಿ ಒಮ್ಮೆಗೇ ದೊಡ್ಡ ಮೊತ್ತ ಕಾಣುತ್ತದೆ, ಮುಂದಿನ ವರ್ಷ ಏನೂ ಕಾಣದೆಯೂ ಇರಬಹುದು, ಅದು ತಪ್ಪಲ್ಲ. ವಿಮೆ ಇದ್ದ ದಿನಗಳ ಎಣಿಕೆ ಬೇರೆ ಲೇಬಲ್ಲಿನಲ್ಲಿದೆ, ಅದು ಕಟ್ಟಿದ ದಿನಾಂಕವನ್ನು ನೋಡುವುದಿಲ್ಲ.

ಆ ದಿನಗಳ ಲೇಬಲ್ಲೇ ಹುಡುಗಿಯನ್ನು ಹೆಚ್ಚು ಹೆದರಿಸಿತ್ತು. ಎ ಎಂಬ ಆ ಲೇಬಲ್ಲಿನಲ್ಲಿ 365 ಇರಬೇಕಾದ ಕಡೆ 211 ಎಂದಿತ್ತು. ಅವರು ಕೆಲಸದ ವೀಸಾದ ಮೇಲೆ ಬಂದವರು. ಭಾರತಕ್ಕೂ ಆಸ್ಟ್ರೇಲಿಯಾಕ್ಕೂ ಆರೋಗ್ಯ ಸೇವೆಯ ಪರಸ್ಪರ ಒಪ್ಪಂದ ಇಲ್ಲದ ಕಾರಣ ಮೆಡಿಕೇರ್ ಸಿಗದೆ, ವಿದೇಶಿ ಸಂದರ್ಶಕರಿಗೆಂದೇ ಇರುವ ವಿಮೆ ಇಟ್ಟುಕೊಂಡಿದ್ದರು. ಕಾಯಂ ವಾಸದ ವೀಸಾಗೆ ಅರ್ಜಿ ಹಾಕಿ, 2024ರ ಡಿಸೆಂಬರ್ 2ರಿಂದ ಮೆಡಿಕೇರ್‌ಗೆ ಅರ್ಹರಾದ ದಿನವೇ ಇಲ್ಲಿನ ನಿವಾಸಿಗಳ ಆಸ್ಪತ್ರೆ ವಿಮೆಗೆ ಬದಲಾಯಿಸಿಕೊಂಡಿದ್ದರು. ಸಂದರ್ಶಕರ ವಿಮೆಗೆ ಎಷ್ಟು ಹಣ ಸುರಿದಿದ್ದರೂ ಅದು ಈ ಸ್ಟೇಟ್‌ಮೆಂಟಿನಲ್ಲಿ ಬರುವುದಿಲ್ಲ, ಅದಕ್ಕೆ ರಿಬೇಟೂ ಇಲ್ಲ. ಊರಿನಿಂದ ಅಪ್ಪ ಅಮ್ಮ ಬಂದಾಗ ಮಾಡಿಸುವ ಪ್ರಯಾಣ ವಿಮೆಯೂ ಹಾಗೆಯೇ. ಬೆಂಗಳೂರಿನಲ್ಲಿ ಅವರಿಗೆ ನಾವು ಕಟ್ಟುತ್ತಿರುವ ಪಾಲಿಸಿಯೂ ಹಾಗೆಯೇ. ಹಲ್ಲು, ಕನ್ನಡಕಗಳ ವೆಚ್ಚಕ್ಕಾಗುವ ಎಕ್ಸ್‌ಟ್ರಾಸ್ ಪಾಲಿಸಿಗೆ ರಿಬೇಟ್ ಸಿಗುತ್ತದೆ, ಆದರೆ ಆಸ್ಪತ್ರೆ ವಿಮೆ ಇಲ್ಲದೆ ಬರಿಯ ಎಕ್ಸ್‌ಟ್ರಾಸ್ ಇದ್ದರೆ ದಿನಗಳ ಎಣಿಕೆಗೆ ಅದು ಸೇರುವುದಿಲ್ಲ. ಆಸ್ಪತ್ರೆ ವಿಮೆಯಲ್ಲೂ ನಾವು ಕೈಯಿಂದ ಭರಿಸಬೇಕಾದ ಎಕ್ಸೆಸ್ ಒಬ್ಬರ ಪಾಲಿಸಿಗೆ 750 ಡಾಲರ್, ದಂಪತಿ ಅಥವಾ ಕುಟುಂಬದ ಪಾಲಿಸಿಗೆ 1,500 ಡಾಲರ್ ಮೀರಿರಬಾರದು.

ಉಳಿದ 154 ದಿನಗಳಿಗೆ ಸರ್‌ಚಾರ್ಜ್ ಬೀಳುತ್ತದೆಯೇ ಎಂಬುದು ಅವಳ ಆತಂಕ. ಸರ್‌ಚಾರ್ಜ್ ಮೆಟ್ಟಿಲಿಗೆ ತಕ್ಕಂತೆ ಶೇ. 1, 1.25 ಅಥವಾ 1.5; ಆದರೆ 2024-25ರಲ್ಲಿ ದಂಪತಿಯ ಒಟ್ಟು ಆದಾಯ 1,94,000 ಡಾಲರ್ ದಾಟಿದರೆ ಮಾತ್ರ ಅದರ ಮಾತು. ಅವನದು 90,000, ಅವಳು ಅರ್ಧ ವರ್ಷ ದುಡಿದದ್ದು 38,000. ಮಿತಿ ಬಹಳ ದೂರವಿತ್ತು. ಅವಳು ಹೆದರಿದ ಜಾಗದಲ್ಲಿ ಭಯವಿರಲಿಲ್ಲ, ನೋಡದೇ ಬಿಟ್ಟ ಜಾಗದಲ್ಲಿ ಹಣವಿತ್ತು. ಸರ್‌ಚಾರ್ಜ್ ಬೇರೆ, ಆದಾಯದ ಮೇಲೆ ಹೆಚ್ಚಿನವರು ಕಟ್ಟುವ ಶೇ. 2ರ ಮೆಡಿಕೇರ್ ಲೆವಿ ಬೇರೆ. ಮೆಡಿಕೇರ್‌ಗೆ ಅರ್ಹರೇ ಅಲ್ಲದ ಆ 154 ದಿನಗಳಿಗೆ ಲೆವಿಯಿಂದ ವಿನಾಯಿತಿ ಕೇಳಬಹುದು. ಅದಕ್ಕೆ ಸರ್ವೀಸಸ್ ಆಸ್ಟ್ರೇಲಿಯಾ ಎಂಬ ಸರ್ಕಾರಿ ಸಂಸ್ಥೆಗೆ ಅರ್ಜಿ ಹಾಕಿ ಮೆಡಿಕೇರ್ ಅರ್ಹತೆಯ ಪತ್ರವನ್ನು ಮೊದಲೇ ತರಿಸಿಕೊಂಡಿರಬೇಕು. ಅವನ ಲೆವಿ ವರ್ಷಕ್ಕೆ 1,800 ಡಾಲರ್. ಅದರಲ್ಲಿ 154 ದಿನಗಳ ಪಾಲು ಸುಮಾರು 759 ಡಾಲರ್. ಆ ಪತ್ರದ ಹೆಸರನ್ನು ಅವರಿಬ್ಬರೂ ಕೇಳಿಯೇ ಇರಲಿಲ್ಲ. ಹೊಸದಾಗಿ ಬಂದವರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸಂದರ್ಶಕರ ವಿಮೆಗೂ ಕಟ್ಟಿ, ತಮಗೆ ಸಿಗದ ಮೆಡಿಕೇರ್‌ಗೂ ಕಟ್ಟಿ, ಎರಡು ಕಡೆಯಿಂದಲೂ ಕಳೆದುಕೊಂಡ ಮನೆಗಳು ಎಷ್ಟಿವೆಯೋ.

ನನ್ನ ಸ್ವಂತ ಪಾಠ ಕೆ ಲೇಬಲ್ಲಿನದು. ಅದು 2023-24ರ ಲೆಕ್ಕ. ನಮ್ಮ ಕುಟುಂಬದ ಪಾಲಿಸಿಯ ಪೂರ್ತಿ ಬೆಲೆ 5,000 ಡಾಲರ್, ನನ್ನ ಪಾಲು 2,500, ನನ್ನ ಯಜಮಾನರ ಪಾಲು 2,500. ವಿಮೆ ಕೊಳ್ಳುವಾಗ ನಮ್ಮ ಆದಾಯ ಯಾವ ಮೆಟ್ಟಿಲಿನಲ್ಲಿದೆ ಎಂದು ಕೇಳಿದ್ದಕ್ಕೆ ಮೊದಲನೆಯದು ಎಂದು ಹೇಳಿ ಮರೆತುಬಿಟ್ಟಿದ್ದೆವು. ಅದರಂತೆ ಶೇ. 24.608 ಕಡಿತ ಪ್ರತಿ ತಿಂಗಳೂ ಸಿಗುತ್ತಿತ್ತು. ಇಬ್ಬರ ಕೆ ಲೇಬಲ್ಲಿನಲ್ಲೂ 615 ಡಾಲರ್. ನಮ್ಮಿಬ್ಬರ ತೆರಿಗೆ ಬೀಳುವ ಆದಾಯ ಅವರದು 98,000, ನನ್ನದು 79,000, ಕೂಡಿದರೆ 1,77,000. ಆ ವರ್ಷ ಕುಟುಂಬದ ಮೊದಲ ಮಿತಿ 1,86,000. ಮೊದಲ ಮಗುವಿನ ನಂತರದ ಪ್ರತಿ ಮಗುವಿಗೆ 1,500 ಸೇರುವುದರಿಂದ ಇಬ್ಬರು ಮಕ್ಕಳ ನಮಗೆ 1,87,500. ಹತ್ತು ಸಾವಿರದಷ್ಟು ಕೆಳಗೇ ಇದ್ದೇವೆಂದು ನಿಶ್ಚಿಂತೆಯಿಂದಿದ್ದೆವು. ರಿಟರ್ನ್ ಸಲ್ಲಿಸಿದ ಮೇಲೆ ಬಂದ ಅಸೆಸ್‌ಮೆಂಟಿನಲ್ಲಿ ಇಬ್ಬರಿಗೂ ತಲಾ 205 ಡಾಲರ್ ಬಾಕಿ ಎಂದಿತ್ತು, ಹೆಚ್ಚು ಪಡೆದ ರಿಬೇಟ್ ವಾಪಸ್ಸು ಎಂಬ ಕಾರಣದೊಂದಿಗೆ.

ಎರಡು ರಾತ್ರಿ ಕೂತು ಹುಡುಕಿದ ಮೇಲೆ ತಿಳಿದದ್ದು, ಇಲ್ಲಿ ಹಿಡಿಯುವ ಆದಾಯ ತೆರಿಗೆ ಬೀಳುವ ಆದಾಯವಲ್ಲ, ಸರ್‌ಚಾರ್ಜ್ ಉದ್ದೇಶದ ಆದಾಯ ಎಂಬ ಬೇರೆಯೇ ಲೆಕ್ಕ. ತೆರಿಗೆ ಉಳಿಸಲೆಂದು ಸಂಬಳದಿಂದ ನೇರವಾಗಿ ಸೂಪರ್ ಎಂಬ ನಿವೃತ್ತಿ ನಿಧಿಗೆ ಹಾಕಿದ್ದನ್ನೂ, ಬಾಡಿಗೆ ಮನೆಯ ನಷ್ಟವೆಂದು ಆದಾಯದಿಂದ ಕಳೆದದ್ದನ್ನೂ, ಕಂಪನಿ ಕೊಟ್ಟು ವರದಿ ಮಾಡಿದ ಸವಲತ್ತುಗಳ ಮೌಲ್ಯವನ್ನೂ ಅದಕ್ಕೆ ಮತ್ತೆ ಕೂಡಿಸುತ್ತಾರೆ. ಅವರು ಸೂಪರ್‌ಗೆ ಹೆಚ್ಚುವರಿಯಾಗಿ 6,000 ಹಾಕಿದ್ದರು. ಸಾಲ ಮಾಡಿ ಕೊಂಡ ಬಾಡಿಗೆ ಮನೆಯ ನಷ್ಟ 5,500. ಎರಡನ್ನೂ ಕೂಡಿಸಿದರೆ 1,88,500. ಸಾವಿರ ಡಾಲರಿನಿಂದ ಮಿತಿ ದಾಟಿದ್ದೆವು, ಎರಡನೆಯ ಮೆಟ್ಟಿಲಿನ ದರ ಶೇ. 16.405. ಲೆಕ್ಕ ನ್ಯಾಯವಾಗಿಯೇ ಇತ್ತು. ಸಿಕ್ಕಿದ ಆದಾಯವನ್ನು ಎಲ್ಲಿ ಇಟ್ಟರೂ ಅದು ಮನೆಯ ಆದಾಯವೇ ತಾನೆ. ಸಾಲದ ಬಾಡಿಗೆ ಮನೆ ಕೊಳ್ಳುವುದು ನಮ್ಮ ಜನರಲ್ಲಿ ಬಹಳ ಸಾಮಾನ್ಯವಾಗಿರುವುದರಿಂದ ಈ ಕೂಡುವಿಕೆಯನ್ನು ನಾನು ಕಂಡವರಿಗೆಲ್ಲ ಹೇಳುತ್ತೇನೆ.

ವಿಮೆಯವರಿಗೆ ನಾವು ಹೇಳುವ ಮೆಟ್ಟಿಲು ಬರುವ ವರ್ಷದ ಒಂದು ಅಂದಾಜು ಮಾತ್ರ, ಅಂದಾಜು ತಪ್ಪಿದ್ದಕ್ಕೆ ದಂಡವೇನೂ ಇಲ್ಲ. ಹೆಚ್ಚು ಪಡೆದಿದ್ದರೆ ಹಿಂದಿರುಗಿಸಬೇಕು, ಕಡಿಮೆ ಪಡೆದಿದ್ದರೆ ರಿಟರ್ನ್‌ನಲ್ಲಿ ಸಿಗುತ್ತದೆ. ಆ ವರ್ಷದ ಬಾಕಿ ಕಟ್ಟಿದ ಮೇಲೆ ನಾವು ಎರಡನೆಯ ಮೆಟ್ಟಿಲನ್ನೇ ಹೇಳಿಟ್ಟಿದ್ದೇವೆ. ತಿಂಗಳ ಕಂತು ಕೊಂಚ ಹೆಚ್ಚಾದರೂ ಜುಲೈನಲ್ಲಿ ಮನಸ್ಸಿಗೆ ನೆಮ್ಮದಿ.

ಇಬ್ಬರಿಗೂ ತಲಾ 205 ಬಾಕಿ ಬಂದದ್ದು ನನ್ನನ್ನು ಇನ್ನೊಂದು ಯೋಚನೆಗೆ ಒಯ್ದಿತು. ಮೊದಲ ಮಗು ಹುಟ್ಟಿದ 2016-17ರಲ್ಲಿ ನನಗೆ ಒಂದು ಡಾಲರ್ ಸಂಪಾದನೆಯೂ ಇರಲಿಲ್ಲ. ಆಗೆಲ್ಲ ಸ್ಟೇಟ್‌ಮೆಂಟು ಅಂಚೆಯಲ್ಲಿ ಬರುತ್ತಿತ್ತು. 2019ರಿಂದ ಈಚೆಗೆ ವಿಮೆಯವರು ಕೇಳದೆ ಕಳಿಸಬೇಕೆಂಬ ಕಟ್ಟಳೆಯಿಲ್ಲ, ಅಂಕಿಗಳು ನೇರವಾಗಿ ತೆರಿಗೆ ಕಚೇರಿಗೇ ಹೋಗುತ್ತವೆ. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಆ ಲಕೋಟೆ ಒಡೆದಾಗ ಪ್ರೀಮಿಯಂನ ಅರ್ಧ ನನ್ನ ಹೆಸರಿನಲ್ಲಿತ್ತು. ತಪ್ಪಾಗಿ ಮುದ್ರಿಸಿದ್ದಾರೆ ಎಂದುಕೊಂಡು "ರೀ, ಇದು ನಿಮ್ಮದು, ನನ್ನ ಹೆಸರು ಯಾಕೆ ಹಾಕಿದ್ದಾರೆ ನೋಡಿ" ಎಂದು ಅವರ ಕೈಗೆ ಕೊಟ್ಟಿದ್ದೆ. ಹಣ ಕಟ್ಟಿದವರು ಅವರು, ಆದ್ದರಿಂದ ಲೆಕ್ಕವೂ ಅವರದೇ ಎಂದು ನಾನು ತಿಪಟೂರಿನ ಫೈಲಿನ ಕಾಲದಿಂದ ನಂಬಿದ್ದೆ. ಅಮ್ಮ ಮೂವತ್ತು ವರ್ಷ ಆ ಪಾಲಿಸಿಯ ನೆರಳಿನಲ್ಲಿದ್ದರೂ ಅವಳ ಹೆಸರಿನ ಒಂದು ಕಾಗದವೂ ಆ ಫೈಲಿನಲ್ಲಿ ಇರಲಿಲ್ಲ. ಇಲ್ಲಿನ ಕಾನೂನು ಮನೆಯಲ್ಲಿರುವ ಇಬ್ಬರನ್ನೂ ಒಂದೇ ಅಳತೆಯಲ್ಲಿ ಎಣಿಸುತ್ತದೆ. ಹಾಗೆ ಎಣಿಸಿದ ಮೇಲೆ ಹಕ್ಕಿನ ಜೊತೆ ಹೊಣೆಯೂ ಬರುತ್ತದೆ: ರಿಬೇಟ್ ಹೆಚ್ಚು ಸಿಕ್ಕಿದ್ದರೆ, ಸಂಪಾದನೆ ಇಲ್ಲದವಳ ಪಾಲಿನ ಬಾಕಿ ಅವಳ ಹೆಸರಿಗೇ ಬೀಳುತ್ತದೆ.

ಬೇಕೆಂದರೆ ಇಬ್ಬರ ಪಾಲನ್ನೂ ಒಬ್ಬರೇ ತೋರಿಸುವುದಕ್ಕೆ ದಾರಿಯಿದೆ. ಜೂನ್ 30ರಂದು ದಂಪತಿಯಾಗಿದ್ದು ತಮ್ಮ ತಮ್ಮ ಪಾಲನ್ನು ತಾವೇ ತೋರಿಸಿದರೆ ರಿಟರ್ನ್‌ನಲ್ಲಿ ಸಿ ಎಂಬ ಕೋಡ್ ಹಾಕಬೇಕು. ಒಬ್ಬರು ಇಬ್ಬರದನ್ನೂ ತೋರಿಸುವುದಾದರೆ ಅವರು ಡಿ, ಇನ್ನೊಬ್ಬರು ಇ. ಡಿ ಹಾಕಿದವರು ತಮ್ಮ ಜೆ ಮತ್ತು ಕೆ ಅಂಕಿಗಳನ್ನು ಎರಡರಿಂದ ಗುಣಿಸಿ ಬರೆಯಬಾರದು. ಸಂಗಾತಿಯ ಸ್ಟೇಟ್‌ಮೆಂಟನ್ನು ನೋಡಿ ಅದರ ಸಾಲುಗಳನ್ನು ಬೇರೆಯಾಗಿಯೇ ಸೇರಿಸಬೇಕು. ದರ ತೀರ್ಮಾನವಾಗುವುದು ಇಬ್ಬರ ಒಟ್ಟು ಆದಾಯದ ಮೇಲೆ, ಹಾಗಾಗಿ ಹೇಗೆ ತೋರಿಸಿದರೂ ಮನೆಗೆ ಸಿಗುವ ರಿಬೇಟ್ ಒಂದೇ. ಒಬ್ಬರು ಡಿ, ಇನ್ನೊಬ್ಬರು ಸಿ ಹಾಕಿಬಿಟ್ಟರೆ ಮಾತ್ರ ಒಂದೇ ಪಾಲು ಎರಡು ಕಡೆ ಬಂದು, ಮುಂದೆ ತಿದ್ದುವ ಕೆಲಸ ಹಿಡಿಯುತ್ತದೆ. ನಾವಂತೂ ಸಿ ಬಿಟ್ಟು ಬೇರೆ ಹಾಕುವುದಿಲ್ಲ. ಸಂಪಾದನೆ ಇಲ್ಲದ ವರ್ಷವೂ ತನ್ನ ಪಾಲಿನ ಅಂಕಿ ತನಗೆ ಗೊತ್ತಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗಿ, "ಹಾಗಾದರೆ ನನ್ನದೂ ಒಂದು ಎಲ್ಲೋ ಇರಬೇಕಲ್ಲ ಅಕ್ಕ?" ಎಂದಳು. ಸರ್ಕಾರಿ ಸೇವೆಗಳಿಗೆಂದು ಆನ್‌ಲೈನಿನಲ್ಲಿ ಇರುವ ಅವಳ ಮೈಗವ್ ಖಾತೆಯನ್ನು ಬಂದ ಹೊಸದರಲ್ಲಿ ಗಂಡನೇ ತೆರೆದುಕೊಟ್ಟಿದ್ದನಂತೆ. ಅವಳು ಒಮ್ಮೆಯೂ ಒಳಗೆ ಹೋಗಿ ನೋಡಿರಲಿಲ್ಲ. ಗುಪ್ತಪದವನ್ನು ಬದಲಾಯಿಸಿಕೊಂಡು ಒಳಗೆ ಹೋದಳು. ತೆರಿಗೆ ಕಚೇರಿಯ ಪುಟದಲ್ಲಿ ವಿಮೆಯ ಅಂಕಿಗಳು ಇನ್ನೂ ತುಂಬಿರಲಿಲ್ಲ. ಅವು ಸಾಮಾನ್ಯವಾಗಿ ತಾನಾಗಿ ಬಂದು ಕೂರುವುದು ಆಗಸ್ಟ್ ಮಧ್ಯದ ಹೊತ್ತಿಗೆ. ಸ್ವತಃ ಸಲ್ಲಿಸುವವರಿಗೆ ಅಕ್ಟೋಬರ್ 31ರವರೆಗೆ ಅವಕಾಶವಿರುವಾಗ ಜುಲೈನಲ್ಲೇ ಕೈಯಿಂದ ಬರೆದು ತಪ್ಪು ಮಾಡುವ ಅವಸರವೇನಿಲ್ಲ. ಆದರೆ ವಿಮೆಯವರ ಆ್ಯಪ್‌ನಲ್ಲಿ ಹುಡುಕಿದಾಗ ಗಂಡನ ಸ್ಟೇಟ್‌ಮೆಂಟಿನ ಕೆಳಗೇ ಇನ್ನೊಂದು ಸಿಕ್ಕಿತು. ಅದೇ ಸದಸ್ಯತ್ವದ ಸಂಖ್ಯೆ, ಅವೇ 660 ಮತ್ತು 510, ಮೇಲೆ ಅವಳ ಹೆಸರು.

ಅಡುಗೆಮನೆಯ ಮೇಜಿನ ಮೇಲಿದ್ದ ನನ್ನ ಹಾಳೆಯನ್ನೇ ತಿರುಗಿಸಿ, ಎರಡೂ ಸ್ಟೇಟ್‌ಮೆಂಟುಗಳ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡಳು. ಕೆಳಗೆ ಮೆಡಿಕೇರ್ ಅರ್ಹತೆಯ ಪತ್ರ, 154 ದಿನ, ಇಬ್ಬರಿಗೂ ಬೇರೆ ಬೇರೆ ಅರ್ಜಿ ಎಂದು ಬರೆದು ಎರಡು ಗೆರೆ ಎಳೆದಳು. ಹೊರಡುವಾಗ ಹಾಳೆಯನ್ನು ಮಡಿಸಿ ಲ್ಯಾಪ್‌ಟಾಪಿನ ನಡುವೆ ಇಟ್ಟುಕೊಂಡು, ಸೋಮವಾರವೇ ಅರ್ಜಿ ಹಾಕುತ್ತೇನೆ, ನನ್ನದನ್ನು ನಾನೇ ಹಾಕುತ್ತೇನೆ ಎಂದಳು.